ನಾಲ್ಕು ಬೆರಳು ಬಿಟ್ಟು ಉಳುವ ಯಂತ್ರ

ಮಿನಿ ಟ್ರ್ಯಾಕ್ಟರ್ ಬಂದು ಒಂಬತ್ತು ದಿನವಾಗಿತ್ತು. ಅದರ ಹಿಂದೆ ಕಟ್ಟಲು ಮಾತ್ರ ಏನೂ ಇರಲಿಲ್ಲ. ಹೊಳನಗದ್ದೆಯ ಹನ್ನೊಂದು ಹೆಂಗಸರ ತರಕಾರಿ ಗುಂಪಿಗೆ ಸಹಾಯಧನದಲ್ಲಿ ಮಂಜೂರಾದ ಹದಿನೆಂಟು ಅಶ್ವಶಕ್ತಿಯ ಪುಟ್ಟ ಗಾಡಿ ಅದು. ಅದರ ಜೊತೆ ಒಂದೇ ಒಂದು ಉಪಕರಣ ಕೊಳ್ಳಲು ಅವಕಾಶ. ಯಾವುದೆಂದು ಬರೆದು ಸಹಿ ಹಾಕಬೇಕಾದವಳು ನಾನು, ಗುಂಪಿಗೆ ತಾಂತ್ರಿಕ ಸಲಹೆ ಕೊಡುವ ಕಚೇರಿಯ ಹೊಸ ಸಿಬ್ಬಂದಿ. ಒಮ್ಮೆ ಸಹಿ ಬಿದ್ದರೆ ಬದಲಾಯಿಸುವ ಹಾಗಿಲ್ಲ. ರೋಟವೇಟರ್ ಬೇಕು ಎಂಬ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಿರುಗುವ ದಂಡಕ್ಕೆ ಸಾಲಾಗಿ ಬ್ಲೇಡು ಕೂರಿಸಿ ಮಣ್ಣನ್ನು ಕೊಚ್ಚಿ ಹುಡಿ ಮಾಡುವ ಯಂತ್ರ ಅದು. ಗುದ್ದಲಿಯಲ್ಲಿ ನಾಲ್ಕು ದಿನ ಹಿಡಿಯುವ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಆದರೆ ಯಾವ ರೋಟವೇಟರ್? ಎಷ್ಟು ಅಗಲದ್ದು, ಎಂಥ ಬ್ಲೇಡಿನದು? ಅದನ್ನು ಆರಿಸಲು ನನಗೊಬ್ಬಳಿಗೇ ಬರುತ್ತದೆ ಎಂದು ನಾನು ತಿಳಿದಿದ್ದೆ.

ಗುಂಪಿನ ಅಧ್ಯಕ್ಷೆಗೆ ಅರವತ್ತು ದಾಟಿದೆ. ಟ್ರ್ಯಾಕ್ಟರಿಗಾಗಿ ಎರಡು ವರ್ಷ ಕಚೇರಿಗಳಿಗೆ ಅಲೆದವರು ಅವರೇ. ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಅವರ ಬಲ ಮಣಿಕಟ್ಟು ಮುರಿದಿತ್ತು, ಕೂಡಿದ್ದು ಸೊಟ್ಟಗೆ. ಎಡಗೈಯಲ್ಲಿ ಕೊಡ ಎತ್ತುತ್ತಾರೆ, ಗುದ್ದಲಿ ಎತ್ತಿ ಹೊಡೆಯಲಾರರು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಈಗ ಈರುಳ್ಳಿ ನೆಡುವ ಕಾಲ. ಸಸಿ ಮಡಿಯಲ್ಲಿ ಗೇಣುದ್ದ ಬೆಳೆದು ನಿಂತಿತ್ತು. ಇನ್ನು ಹನ್ನೆರಡು ದಿನ ಕಳೆದರೆ ಅದು ಮಡಿಯಲ್ಲೇ ಗಡ್ಡೆ ಕಟ್ಟಲು ಹೊರಡುತ್ತದೆ, ಆಮೇಲೆ ಕಿತ್ತು ನೆಟ್ಟರೂ ಕೈಗೆ ಬರುವುದಿಲ್ಲ. ಉಳಿದ ಹತ್ತು ಮಂದಿ, ಯಂತ್ರ ಬಾರದಿದ್ದರೆ ಕೈಯಲ್ಲೇ ಅಗೆದುಕೊಳ್ಳುತ್ತಾರೆ. ಅಧ್ಯಕ್ಷೆಯ ಗದ್ದೆ ಮಾತ್ರ ಖಾಲಿ ಬೀಳುತ್ತದೆ. ಅವರ ಗದ್ದೆಯನ್ನೂ ತಾವೇ ಅಗೆದುಕೊಡುತ್ತೇವೆಂದು ಉಳಿದವರು ಹೇಳಿದ್ದರು. ನಿಮ್ಮ ನಿಮ್ಮದು ಮುಗಿಯುವುದರೊಳಗೆ ನನ್ನ ಸಸಿ ಮುದಿಯಾಗುತ್ತದೆ ಎಂದು ಅವರೇ ತಳ್ಳಿಹಾಕಿದ್ದರು.

ಖಾಲಿ ಬಿದ್ದರೆ ಒಂದು ಬೆಳೆ ಹೋಗುತ್ತದೆ, ಅಷ್ಟೇ ಅಲ್ಲವೇ ಎಂದು ನಾನು ಕೇಳಿದ್ದೆ. ಅಷ್ಟೇ ಅಲ್ಲವಂತೆ. ಅವರದು ಉಪ್ಪುಹೊಳೆಯ ಮಗ್ಗುಲಿನ ಗದ್ದೆ. ಎಲ್ಲರೂ ಅದನ್ನು ಕೋಡಿಗದ್ದೆ ಎನ್ನುತ್ತಾರೆ. ಚಳಿಗಾಲದಿಂದ ಬೇಸಿಗೆಯವರೆಗೆ ದಿನಾ ಮೇಲಿನಿಂದ ಕೊಡದಲ್ಲಿ ಸಿಹಿನೀರು ಬೀಳುತ್ತಿದ್ದರೆ ಮಾತ್ರ ಕೆಳಗಿನ ಉಪ್ಪು ಕೆಳಗೇ ಇರುತ್ತದೆ. ಒಂದು ವರ್ಷ ಬಿಟ್ಟರೆ ಮೇಲೆ ಬಂದು ಕೂರುತ್ತದೆ, ಆಮೇಲೆ ಮೂರು ಮಳೆಗಾಲ ತೊಳೆದರೂ ಇಳಿಯುವುದಿಲ್ಲ. ನಾನು ಇದನ್ನು ಪುಸ್ತಕದಲ್ಲಿ ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ಎದುರಿನವರ ಮಾತಿನಲ್ಲಿ ಮೊದಲು ತೂತು ಹುಡುಕು, ಆಮೇಲೆ ಮಾತು ಕೇಳು ಎಂಬುದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಅಂಟಿದ ಅಭ್ಯಾಸ. ಅದರಿಂದ ಬಹುಮಾನಗಳೂ ಬಂದಿದ್ದವು, ಹಾಗಾಗಿ ಬಿಡುವ ಕಾರಣವಿರಲಿಲ್ಲ.

ಮೊದಲ ಸಭೆ ನಡೆದದ್ದು ಅವರ ಸಾಮಾನಿನ ಕೊಟ್ಟಿಗೆಯ ಮುಂದೆ. ಗೋಡೆಗೆ ಹನ್ನೊಂದು ಗುದ್ದಲಿ ಒರಗಿಸಿಟ್ಟಿದ್ದರು. ಒಂದರ ಅಲಗೂ ಪೂರ್ತಿ ಇರಲಿಲ್ಲ. ಕೆಲವು ಅರ್ಧ, ಕೆಲವು ಅರ್ಧಕ್ಕಿಂತಲೂ ಮೋಟು. ನನಗೆ ಒಳ್ಳೆಯ ಪುರಾವೆ ಸಿಕ್ಕಿತು. ಸವೆದ ಸಲಕರಣೆಯಲ್ಲಿ ಮೇಲೆ ಮೇಲೆ ಕೆರೆಯುತ್ತಿದ್ದೀರಿ, ಬೇರು ಇಳಿಯಲು ಜಾಗವೇ ಇಲ್ಲ, ಇಳುವರಿ ಏರದಿರುವುದಕ್ಕೆ ಈ ಗೋಡೆಯೇ ಸಾಕ್ಷಿ ಎಂದು ಹತ್ತು ನಿಮಿಷ ಮಾತಾಡಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಬಹಳ ವಿನಯದಿಂದ, ಹೌದು ತಂಗಿ, ನಮಗೆ ಹೊಸಾದು ತಕಂಬೂಕೆ ಎಲ್ಲಿ ಗತಿ ಅದೆ ಎಂದಳು. ಎಲ್ಲರೂ ನಕ್ಕರು. ಅದು ನನ್ನ ಮಾತಿಗೆ ಒಪ್ಪಿಗೆ ಎಂದು ತಿಳಿದು ನಾನೂ ನಕ್ಕೆ.

ಮರುದಿನ ಭಟ್ಕಳಕ್ಕೆ ಹೋದೆ. ಕೃಷಿ ಯಂತ್ರದ ಅಂಗಡಿಯವರು ಐವತ್ತರ ಆಸುಪಾಸಿನವರು. ಫೋನಿನಲ್ಲಿ ಮನೆಯವರ ಜೊತೆ ನವಾಯತಿ, ಮೆಕ್ಯಾನಿಕ್ ಜೊತೆ ಉರ್ದು, ನನ್ನ ಜೊತೆ ಕನ್ನಡ, ಒಂದರಿಂದ ಒಂದಕ್ಕೆ ಉಸಿರು ಬದಲಿಸದೆ ದಾಟುತ್ತಿದ್ದರು. ಮೂರು ಯಂತ್ರ ತೋರಿಸಿದರು. ಮೊದಲನೆಯದು ನಾಲ್ಕಡಿ ಅಗಲದ್ದು, ತುದಿ ಚೌಕಾಗಿ ಬಾಗಿದ ಎಲ್ ಬ್ಲೇಡಿನದು. ಎರಡನೆಯದು ಅದರದೇ ತಮ್ಮ, ಮೂರಡಿ. ಮೂರನೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದೂ ಮೂರಡಿಯದೇ, ಬ್ಲೇಡು ಕುಡುಗೋಲಿನ ಹಾಗೆ ದುಂಡಗೆ ಬಾಗಿದ ಸಿ ಆಕಾರದ್ದು, ಹಿಂದೆ ಅಡ್ಡಕ್ಕೆ ಒಂದು ಕಬ್ಬಿಣದ ರೋಲರ್. ಆ ರೋಲರ್ ಇರುವುದನ್ನು ಇಲ್ಲಿ ಯಾರೂ ಕೇಳುವುದಿಲ್ಲ ಎಂದು ಅವರೇ ಹೇಳಿದರು.

ನೋಡುವುದಾದರೆ ಓಡುವಾಗ ನೋಡಬೇಕು ಎಂದು ಅವರು ನನ್ನನ್ನು ಮುಟ್ಟಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ತೆಂಗಿನ ತೋಟದಲ್ಲಿ ಅವರ ಚಾಲಕ ನಾಲ್ಕಡಿಯದನ್ನು ಓಡಿಸುತ್ತಿದ್ದ. ನಾನು ಪುಸ್ತಕದಲ್ಲಿ ಓದಿದ್ದೆ, ವಿಡಿಯೊ ನೋಡಿದ್ದೆ. ಕಣ್ಣೆದುರು ನೋಡಿದ್ದು ಅದೇ ಮೊದಲು. ಕಾಲಿಟ್ಟರೆ ಹೆಜ್ಜೆ ಮೂಡದಷ್ಟು ಗಟ್ಟಿಯಾದ ಕೆಂಪು ನೆಲ. ಮೇಲೆ ಮಂಡಿವರೆಗೆ ಹುಲ್ಲು. ಯಂತ್ರ ಹಾದುಹೋದ ಹಿಂದೆ ಹುಲ್ಲೂ ಇಲ್ಲ, ಹೆಂಟೆಯೂ ಇಲ್ಲ, ಬರೀ ಹುಡಿ. ಮುಷ್ಟಿ ಕಟ್ಟಿ ಒತ್ತಿದರೆ ಕೈ ಮಣಿಕಟ್ಟಿನವರೆಗೆ ಇಳಿಯಿತು. ಒಳಗೆ ಮಣ್ಣು ಬೆಚ್ಚಗಿತ್ತು. ಒಂದು ಗಂಟೆ ಅಲ್ಲೇ ನಿಂತು ನೋಡಿದೆ. ಎತ್ತಿನ ಹಿಂದೆ ಮನುಷ್ಯ ಸಾವಿರಾರು ವರ್ಷ ನಡೆದು ಮಾಡಿದ್ದನ್ನು ಇಪ್ಪತ್ತು ಬ್ಲೇಡು ಹೀಗೆ ಮಾಡುತ್ತಿದ್ದರೆ ಇನ್ನೇನು ಚರ್ಚೆ ಎಂದು ನನಗೆ ಅನ್ನಿಸಿತು. ನಾಲ್ಕಡಿಯದೇ ಸರಿ ಎಂದೆ. ಟ್ರ್ಯಾಕ್ಟರಿನ ಎರಡೂ ಚಕ್ರದ ಗುರುತನ್ನು ಅದು ಅಳಿಸಿಕೊಂಡು ಹೋಗುತ್ತದೆ, ಒಂದು ಸುತ್ತಿನಲ್ಲಿ ಹೆಚ್ಚು ನೆಲ ಮುಗಿಯುತ್ತದೆ, ಆಳಕ್ಕೂ ಇಳಿಯುತ್ತದೆ.

ಅಂಗಡಿಯವರು ತಲೆ ಅಲ್ಲಾಡಿಸಿದರು. ಈ ಯಂತ್ರಕ್ಕೆ ಎರಡು ಮಗ್ಗುಲಿಗೂ ಜಾರುಗಾಲಿನಂಥ ಕಬ್ಬಿಣದ ಪಟ್ಟಿ ಇರುತ್ತದೆ. ಅವರು ಅದನ್ನು ಸ್ಕಿಡ್ ಎನ್ನುತ್ತಾರೆ. ಅದು ನೆಲದ ಮೇಲೆ ಜಾರುತ್ತಾ ಯಂತ್ರವನ್ನು ಹೊತ್ತಿರುತ್ತದೆ. ಅದರ ಬೋಲ್ಟನ್ನು ಯಾವ ತೂತಿಗೆ ಹಾಕುತ್ತೇವೋ ಅಷ್ಟು ಆಳಕ್ಕೆ ಬ್ಲೇಡು ಇಳಿಯುತ್ತದೆ. ಗಟ್ಟಿ ನೆಲದಲ್ಲಿ ಸರಿ, ಮರಳಿನಲ್ಲಿ ಸ್ಕಿಡ್ ಕೂತುಬಿಡುತ್ತದೆ ಎಂದರು. ಎಷ್ಟು ಕೂರುತ್ತದೆ, ಅಳೆದಿದ್ದೀರಾ ಎಂದು ಕೇಳಿದೆ. ಅಳೆದಿರಲಿಲ್ಲ. ಅಳತೆ ಇಲ್ಲದ ಆಕ್ಷೇಪವನ್ನು ನಾನು ಯಾಕೆ ಒಪ್ಪಬೇಕು, ನಿಮಗೆ ಮಾರಾಟವಾಗದೆ ಉಳಿದ ರೋಲರಿನದನ್ನು ದಾಟಿಸುವ ಆಸೆ ಇರಬಹುದಲ್ಲ ಎಂದು ನಗುತ್ತಲೇ ಚುಚ್ಚಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಮೇಡಂ, ವಾದ ನೀವೇ ಗೆದ್ರಿ, ಆತು. ಸಹಿ ಮಾತ್ರ ಈಗ್ಲೇ ಮಾಡ್ಬೇಡಿ. ಮಿಷನ್ನು ನಾನೇ ಕಳಿಸ್ತೆ. ಒಂದ್ಸಲ ನಿಮ್ಮ ಗದ್ದೇಲಿ ಓಡ್ಸಿ, ಆಮೇಲೆ ಹೇಳಿ."

ಮೂರನೆಯ ದಿನ ಮುಟ್ಟಳ್ಳಿಯ ಚಾಲಕನೇ ಯಂತ್ರ ತಂದು ನಮ್ಮ ಟ್ರ್ಯಾಕ್ಟರಿನ ಮೂರು ಕೊಂಡಿಗೆ ಸಿಕ್ಕಿಸಿದ, ಇಂಜಿನ್ನಿನ ತಿರುಗುಶಕ್ತಿ ದಾಟಿಸುವ ಶಾಫ್ಟ್ ಜೋಡಿಸಿದ. ಎಲ್ಲಿಂದ ಶುರು ಮಾಡುವುದು ಎಂಬಲ್ಲಿ ಅಧ್ಯಕ್ಷೆ ಪಶ್ಚಿಮದ ಮೇಲ್ಗದ್ದೆ ತೋರಿಸಿದರು. ನಾನು ಒಪ್ಪಲಿಲ್ಲ. ಯಂತ್ರದ ಅಗತ್ಯ ಯಾರಿಗೆ ಹೆಚ್ಚೋ ಅವರಿಂದಲೇ ಆರಂಭವಾಗಬೇಕು ಎಂದು ನ್ಯಾಯ ಮಾತಾಡಿದೆ. ನಿನ್ನ ಖುಷಿ ಎಂದರು ಅವರು. ಕೋಡಿಗದ್ದೆಗೆ ಇಳಿದೆವು. ಸ್ಕಿಡ್ಡಿನ ಬೋಲ್ಟನ್ನು ಐದಿಂಚಿನ ತೂತಿಗೆ ಹಾಕಿಸಿದೆ.

ಟ್ರ್ಯಾಕ್ಟರ್ ಆರು ಹೆಜ್ಜೆ ಹೋಗಿರಬೇಕು. ಮೊದಲು ಎದ್ದದ್ದು ಕಂದು ಮರಳು, ಸೊಗಸಾಗಿ, ಜರಡಿ ಹಿಡಿದ ಹಾಗೆ. ಆಮೇಲೆ ಅದರೊಳಗೆ ನೀಲಿ ಎಳೆಗಳು ಕಾಣಿಸಿದವು. ಬಳಪದ ಬಣ್ಣ. ಹೊಳೆಯ ತಳದ ವಾಸನೆ ಗಪ್ಪನೆ ಮೂಗಿಗೆ ಬಂತು. ನಿಲ್ಲಿಸು ಎಂದು ಅಧ್ಯಕ್ಷೆ ಕೂಗಿದರು. ಅವರು ಹಾಗೆ ಕೂಗಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಚಾಲಕ ಯಂತ್ರ ಎತ್ತಿಬಿಟ್ಟ. ಅಳೆದು ನೋಡಿದರೆ ಎರಡೂ ಸ್ಕಿಡ್ಡು ಮರಳಿನಲ್ಲಿ ಒಂದೂವರೆ ಇಂಚು ಹೂತಿದ್ದವು. ಐದು ಎಂದು ಇಟ್ಟದ್ದು ಆರೂವರೆಯಾಗಿತ್ತು.

ನನ್ನನ್ನು ಯಾರೂ ಬಯ್ಯಲಿಲ್ಲ. ಅಧ್ಯಕ್ಷೆ ಕೂತು ಎಡಗೈಯಲ್ಲಿ ನೀಲಿ ಮಣ್ಣಿನ ಚೂರುಗಳನ್ನು ಹೆಕ್ಕಿ ಬುಟ್ಟಿಗೆ ಹಾಕತೊಡಗಿದರು. ಬಿಸಿಲಿಗೆ ಒಣಗಿ ಹುಡಿಯಾಗಿ ಬೆರೆತರೆ ಮತ್ತೆ ಸಿಗುವುದಿಲ್ಲ ಎಂದು ಬಾಕಿಯವರೂ ಕೂತರು. ಆಗಲೂ ನಾನು ವಾದ ಬಿಡಲಿಲ್ಲ. ಮರಳಿಗೆ ಜೇಡಿ ಸೇರಿದರೆ ನೀರು ಹಿಡಿಯುವ ಗುಣ ಹೆಚ್ಚುತ್ತದೆ, ಇದು ಪಠ್ಯದಲ್ಲೇ ಇದೆ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದೆ. ಅವರು ಕಡಲೆಕಾಳಿನಷ್ಟು ನೀಲಿ ಮಣ್ಣನ್ನು ನನ್ನ ಅಂಗೈಗೆ ಹಾಕಿದರು.

"ಬಾಯಿಗೆ ಹಾಕಿ ಕಾಣು."

ನಾನು ಕಾಸರಕೋಡಿನವಳು. ಒಣಮೀನಿನ ಚಪ್ಪರದ ಕೆಳಗೆ ಆಡಿ ಬೆಳೆದವಳು, ಉಪ್ಪು ನನಗೆ ಹೊಸದಲ್ಲ. ಇದು ಬರೀ ಉಪ್ಪಲ್ಲ. ಉಪ್ಪಿನ ಹಿಂದೆ ಒಂದು ಕಹಿ, ಅದರ ಹಿಂದೆ ನಾಲಿಗೆ ಸುಡುವ ಹುಳಿ. ಉಗಿದು ಬಾಯಿ ತೊಳೆದರೂ ಮಧ್ಯಾಹ್ನದವರೆಗೆ ಹೋಗಲಿಲ್ಲ. ಅದನ್ನು ಎಳೆಯ ಸಸಿಯ ಬೇರಿಗೆ ತಾಗಿಸಿ ಒಳ್ಳೆಯದೇ ಆಯಿತು ಎಂದವಳು ನಾನು. ಕೆಳಗೆ ಇಂಥದ್ದು ಇದೆಯೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು.

"ನೀ ಎಲ್ಲಿ ಕೇಳ್ದೆ ತಂಗಿ? ಬಂದಾಗಿಂದ ನೀನೇ ಹೇಳ್ತಾ ಇದ್ದೆ" ಎಂದರು ಅವರು, ಬುಟ್ಟಿಯಿಂದ ಮುಖ ಎತ್ತದೆ.

ಹೆಕ್ಕಿದ್ದು ಸಾಲದೆ ಒಂದಿಷ್ಟು ಕಡೆ ಮೇಲ್ಮಣ್ಣನ್ನೂ ಕೆರೆದು ತೆಗೆಯಬೇಕಾಯಿತು. ನಾನೂ ಕೈಹಚ್ಚೋಣವೆಂದು ಪಕ್ಕದ ಗದ್ದೆಯ ಬದುವಿನಲ್ಲಿದ್ದ ಒಂದು ಗುದ್ದಲಿ ಎತ್ತಿಕೊಂಡು ಬಂದೆ. ಅಧ್ಯಕ್ಷೆ ಕೈ ಅಡ್ಡ ಹಿಡಿದರು. ಅದು ಪಡುಗದ್ದೆಯದು, ಇಲ್ಲಿಗೆ ಬ್ಯಾಡ ಎಂದರು. ಗುದ್ದಲಿ ಗುದ್ದಲಿಯೇ ಅಲ್ಲವೇ ಎಂದೆ. ಅಲ್ಲವಂತೆ. ಆಗ ತಿಳಿದದ್ದು ಇಷ್ಟು: ಅವರ ಗುದ್ದಲಿ ಒಂದೂ ಸವೆದದ್ದಲ್ಲ. ಪೇಟೆಯಿಂದ ಹೊಸ ಗುದ್ದಲಿ ತಂದವರು ಮೊದಲು ಹೋಗುವುದು ಆಚಾರಿಯ ಕುಲುಮೆಗೆ. ಯಾವ ಗದ್ದೆಗೆ ಎಂದು ಹೇಳಿದರೆ ಅವರು ಅಷ್ಟಕ್ಕೆ ಅಲಗನ್ನು ಕತ್ತರಿಸಿ ಹೊಸದಾಗಿ ಬಾಯಿ ತಟ್ಟಿಕೊಡುತ್ತಾರೆ. ನೀಲಿ ಜೇಡಿ ಎಷ್ಟು ಆಳದಲ್ಲಿದೆಯೋ ಅದಕ್ಕಿಂತ ನಾಲ್ಕು ಬೆರಳು ಕಮ್ಮಿ. ಹಿಡಿಯ ಬುಡ ನೆಲಕ್ಕೆ ತಾಗಿದರೆ ಮುಂದೆ ಹೋಗುವುದಿಲ್ಲ. ಎಷ್ಟು ಸಿಟ್ಟಿನಿಂದ ಹೊಡೆದರೂ, ಎಷ್ಟು ಮೈಮರೆತು ಹೊಡೆದರೂ, ಕೂಲಿಗೆ ಬಂದ ಹೊಸಬರು ಹೊಡೆದರೂ ತಳ ಒಡೆಯುವುದಿಲ್ಲ.

ತಳ ಅಂದರೆ ಆ ನೀಲಿ ಜೇಡಿ. ಮಳೆಗಾಲದ ಸಿಹಿನೀರು ಮರಳಿನಲ್ಲಿ ಇಂಗಿ ಅದರ ಮೇಲೆ ನಿಲ್ಲುತ್ತದೆ. ಹೊಳೆಯ ಉಪ್ಪುನೀರು ಅದರ ಕೆಳಗಿರುತ್ತದೆ. ಗದ್ದೆಯ ಮೂಲೆಯಲ್ಲಿ ತೋಡಿದ ಹೊಂಡದಿಂದ ಅವರು ಕೊಡ ತುಂಬಿ ಹೊಯ್ಯುವುದು ಈ ಮೇಲಿನ ನೀರನ್ನು. ಪಾತ್ರೆಯಲ್ಲಿ ತೂತು ಬಿದ್ದ ಹಾಗೆ ಅಲ್ಲಲ್ಲಿ ತಳ ಒಡೆದರೆ ಎರಡೂ ಒಂದಾಗುತ್ತವೆ. ನಾನು ಪ್ರಶ್ನೆಚಿಹ್ನೆ ಹಾಕಿಟ್ಟಿದ್ದ ಮಾತಿನ ಅರ್ಥ ಅದಾಗಿತ್ತು. ಯಂತ್ರ ತಳದ ಮೇಲ್ಮೈಯನ್ನಷ್ಟೇ ಕೆರೆದಿತ್ತು, ತೂತು ಮಾಡಿರಲಿಲ್ಲ.

ಕೇಳಲು ಚೆನ್ನಾಗಿತ್ತು. ಚೆನ್ನಾಗಿ ಕೇಳಿಸುವುದನ್ನೇ ಮೊದಲು ಶಂಕಿಸಬೇಕು. ಒಂದು ಘಟನೆ ನಡೆದ ಮೇಲೆ ಅದಕ್ಕೆ ಹೊಂದುವ ಕಥೆ ಕಟ್ಟುವುದು ಎಲ್ಲರಿಗೂ ಸುಲಭ. ಸವೆದ ಗುದ್ದಲಿಗೂ ಹೀಗೊಂದು ಘನತೆ ಬರಬಹುದು. ಅಧ್ಯಕ್ಷೆಗೆ ನನ್ನ ಅನುಮಾನವನ್ನು ಹಾಗೆಯೇ ಹೇಳಿದೆ. ಪರೀಕ್ಷೆ ಮಾಡುತ್ತೇನೆ ಎಂದೆ. ಅವರಿಗೆ ಕೋಪ ಬರಲಿಲ್ಲ, ಮಾಡು ಮಾಡು ಎಂದರು, ಖುಷಿಯಲ್ಲೇ.

ಎರಡು ದಿನ ಒಬ್ಬಳೇ ಹನ್ನೊಂದು ಗದ್ದೆ ಸುತ್ತಿದೆ. ಕೈಯಲ್ಲಿ ಹೆಬ್ಬೆರಳು ದಪ್ಪದ ಕಬ್ಬಿಣದ ಸಲಾಕೆ, ಅದಕ್ಕೆ ಅರ್ಧ ಇಂಚಿಗೊಂದು ಗೀರು. ಒಂದೊಂದು ಗದ್ದೆಯಲ್ಲೂ ಎಂಟು ಕಡೆ ಇಳಿಸಿದೆ. ಮರಳಿನಲ್ಲಿ ಸಲಾಕೆ ಕರಕರ ಎಂದು ಇಳಿಯುತ್ತದೆ. ಜೇಡಿಗೆ ಮುಟ್ಟಿದಾಗ ಸದ್ದು ನಿಂತುಹೋಗುತ್ತದೆ, ಬೆಣ್ಣೆಗೆ ಚುಚ್ಚಿದ ಹಾಗೆ. ತುದಿಯಲ್ಲಿ ನೀಲಿ ಅಂಟಿ ಬರುತ್ತದೆ. ಎಂಟರಲ್ಲಿ ಕಮ್ಮಿ ಬಂದ ಅಳತೆಯನ್ನು ಆ ಗದ್ದೆಯ ಲೆಕ್ಕಕ್ಕೆ ಹಿಡಿದೆ. ಕೋಡಿಗದ್ದೆಯಲ್ಲಿ ಆರಿಂಚಿಗೇ ಜೇಡಿ ಸಿಕ್ಕಿತು, ಬೆರಳಿನ ಲೆಕ್ಕದಲ್ಲಿ ಎಂಟು ಬೆರಳು. ಪಶ್ಚಿಮಕ್ಕೆ ಹೋದಂತೆ ಅದು ಆಳವಾಗುತ್ತದೆ, ಆದರೆ ಒಂದೇ ಸಮನೆ ಅಲ್ಲ. ನಡುವೆ ಒಂದು ಗದ್ದೆಯಲ್ಲಿ ಮತ್ತೆ ಮೇಲೆ ಬಂದು ಮುಂದಿನದರಲ್ಲಿ ಇಳಿಯುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಮಟ್ಟದ ಗದ್ದೆ.

ಮೂರನೆಯ ಬೆಳಿಗ್ಗೆ ಎಲ್ಲರೂ ತಮ್ಮ ಗುದ್ದಲಿಯನ್ನು ಕೊಟ್ಟಿಗೆಯಲ್ಲಿ ಕಲಸಿಟ್ಟು ಹೊರಗೆ ಹೋಗಬೇಕೆಂದು ಕೇಳಿಕೊಂಡೆ. ಒಳಗೆ ಕೂತು ಹನ್ನೊಂದು ಅಲಗನ್ನೂ ಅಳೆದೆ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟೆ. ಎದುರಿಗೆ ಗದ್ದೆಗಳ ಪಟ್ಟಿಯನ್ನು ಜೇಡಿಯ ಆಳದ ಪ್ರಕಾರ ಬರೆದೆ. ಅವರ ಮಾತು ನಿಜವಾದರೆ ಮೊದಲ ಗುದ್ದಲಿ ಮೊದಲ ಗದ್ದೆಯದು, ಎರಡನೆಯದು ಎರಡನೆಯದರದು. ಒಂದೊಂದಕ್ಕೂ ಆ ಗದ್ದೆಯ ಒಡತಿಯ ಹೆಸರಿನ ಚೀಟಿ ಕಟ್ಟಿ ಬಾಗಿಲು ತೆಗೆದೆ.

ಒಬ್ಬೊಬ್ಬರೇ ಬಂದು ಎತ್ತಿಕೊಂಡರು. ಒಂಬತ್ತು ಸರಿ. ಎರಡು ಅದಲುಬದಲು. ನನಗೆ ಒಂದು ಕ್ಷಣ ಸಮಾಧಾನವೇ ಆಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಇಲ್ಲಿ ತಪ್ಪಿತಲ್ಲ ಎಂದೆ. ಆ ಇಬ್ಬರು ಓರಗಿತ್ತಿಯರು. ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕಳೆದ ವರ್ಷ ಮನೆಯಲ್ಲಿ ಪಾಲು ಬದಲಾಗಿ ಇವಳ ಗದ್ದೆ ಅವಳಿಗೆ, ಅವಳದು ಇವಳಿಗೆ ಹೋಗಿತ್ತು. ನನ್ನ ಕೈಯಲ್ಲಿದ್ದ ಕಚೇರಿಯ ಪಟ್ಟಿ ಹಳೆಯದು. ಗುದ್ದಲಿ ಹೆಂಗಸಿನ ಜೊತೆ ಹೋಗಿರಲಿಲ್ಲ, ಗದ್ದೆಯ ಜೊತೆ ಹೋಗಿತ್ತು.

ನಾನು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತೆ. ಹನ್ನೊಂದಕ್ಕೆ ಹನ್ನೊಂದು. ಒಂದೊಂದು ಅಲಗೂ ತನ್ನ ಗದ್ದೆಯ ಜೇಡಿಗಿಂತ ಮೂರಿಂಚು ಕಮ್ಮಿ, ಕೂದಲೆಳೆ ಆಚೀಚೆ. ಎರಡು ದಿನ ನಾನು ಸಲಾಕೆ ಇಳಿಸಿ ಬರೆದುಕೊಂಡ ನಕ್ಷೆ ಆ ಗೋಡೆಗೆ ಎಂದಿನಿಂದಲೋ ಒರಗಿ ನಿಂತಿತ್ತು. ಅದನ್ನು ತೋರಿಸಿಯೇ ನಾನು ಹತ್ತು ನಿಮಿಷ ಭಾಷಣ ಮಾಡಿದ್ದೆ. ಎಷ್ಟು ಕಾಲದಿಂದ ಹೀಗೆ ಎಂದು ಕೇಳಿದರೆ ಅಧ್ಯಕ್ಷೆಗೆ ಗೊತ್ತಿಲ್ಲ. ಹೊಂಡ ತೋಡುವಾಗ ಪ್ರತಿ ವರ್ಷ ಬೆರಳಿಟ್ಟು ನೋಡುತ್ತಾರೆ. ನೆರೆ ಬಂದು ಮರಳು ಕೊಚ್ಚಿಹೋದ ವರ್ಷ ಗುದ್ದಲಿಯನ್ನು ಮತ್ತೆ ಕುಲುಮೆಗೆ ಒಯ್ಯುತ್ತಾರೆ. ಅಜ್ಜಿ ಹೇಳಿದ್ದು ಎಂದು ಯಾವ ಅಳತೆಯನ್ನೂ ಅವರು ಹಾಗೇ ಇಟ್ಟುಕೊಂಡಿಲ್ಲ.  ನಾನು ಅನುಮಾನ ಪಡುವುದನ್ನು ಕಲಿತದ್ದು ಗೆಲ್ಲುವುದಕ್ಕೆ. ಅವರು ಪ್ರತಿ ವರ್ಷ ತಮ್ಮ ಗದ್ದೆಯನ್ನೇ ಅನುಮಾನಿಸುತ್ತಿದ್ದರು, ಸಸಿ ಉಳಿಯುವುದಕ್ಕೆ.

ಸಸಿಗೆ ಇನ್ನು ಐದು ದಿನ ಇತ್ತು. ಭಟ್ಕಳಕ್ಕೆ ಮತ್ತೆ ಹೋದೆ. ಸ್ಕಿಡ್ ಒಂದೂವರೆ ಇಂಚು ಕೂತಿತು ಎಂದು ಅಂಗಡಿಯವರಿಗೆ ಹೇಳಿದೆ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು, ನಗಲಿಲ್ಲ. ಮೂಲೆಯ ಯಂತ್ರವನ್ನು ಹೊರಗೆ ಎಳೆಸಿದೆವು. ಇದರಲ್ಲಿ ಯಂತ್ರವನ್ನು ಹೊತ್ತು ಆಳ ನಿಲ್ಲಿಸುವುದು ಸ್ಕಿಡ್ ಅಲ್ಲ, ರೋಲರ್. ಅದು ಅಗಲಕ್ಕೂ ನೆಲದ ಮೇಲೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಆದ್ದರಿಂದ ಹೂಳುವುದು ಕಮ್ಮಿ. ದುಂಡನೆಯ ಬ್ಲೇಡು ಒದ್ದೆ ತಳವನ್ನು ಉಜ್ಜಿ ಗಟ್ಟಿ ಮಾಡುವುದಿಲ್ಲ. ಮೂರಡಿ ಅಗಲ ಅವರ ಈರುಳ್ಳಿ ಪಾತಿಯ ಅಗಲವೇ. ಚಕ್ರದ ಗುರುತು ಬೀಳುವಲ್ಲಿ ಹೇಗೂ ನಡೆಯುವ ದಾರಿ ಬೇಕು. ಎಲ್ಲ ಸರಿ. ತೊಡಕು ಒಂದೇ. ರೋಲರನ್ನು ಹಿಡಿದ ಪಟ್ಟಿಯಲ್ಲಿ ಕೊನೆಯ ತೂತಿಗೆ ಬೋಲ್ಟ್ ಹಾಕಿದರೂ ಬ್ಲೇಡು ನಾಲ್ಕಿಂಚು ಇಳಿಯುತ್ತದೆ. ಹತ್ತು ಗದ್ದೆಗೆ ಅದು ಧಾರಾಳ. ಕೋಡಿಗದ್ದೆಯ ಗುದ್ದಲಿ ಮೂರೇ ಇಂಚು.

ಸಹಿ ಹಾಕಿದರೆ ಹತ್ತು ಮಂದಿಗೆ ಯಂತ್ರ ಸಿಗುತ್ತದೆ, ಯಾರಿಗೆ ಇಲ್ಲದೆ ಆಗುವುದಿಲ್ಲವೋ ಅವರಿಗೆ ಮಾತ್ರ ಇಲ್ಲ. ಆ ಪಟ್ಟಿಗೆ ಇನ್ನೂ ಒಂದಿಂಚು ಕೆಳಗೆ ಹೊಸ ತೂತು ಕೊರೆಯಬಹುದೇ ಎಂದು ಕೇಳಿದೆ. ಅಂಚಿಗೆ ಹತ್ತಿರವಾಯಿತು, ಹರಿಯುತ್ತದೆ, ಕೊರೆದರೆ ಕಂಪನಿಯ ಗ್ಯಾರಂಟಿಯೂ ಹೋಯಿತು ಎಂದರು. ಇಬ್ಬರೂ ಪಟ್ಟಿಯನ್ನೇ ನೋಡುತ್ತ ನಿಂತೆವು. ಆಮೇಲೆ ಅವರೇ, ಹಿಂದಿನಿಂದ ಅಷ್ಟೇ ದಪ್ಪದ ಇನ್ನೊಂದು ಪಟ್ಟಿ ಕೊಟ್ಟು, ಎರಡನ್ನೂ ಸೇರಿಸಿ ಕೊರೆಸಿದರೆ ತಡೆಯಬಹುದು, ಆದರೆ ಅದು ನಾನು ಹೇಳಿದ್ದಲ್ಲ ಎಂದರು. ಮುರಿದರೆ ಹೊಣೆ ಯಾರದು ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೇ ಕೇಳಿಕೊಂಡೆ, ಹಾಳೆಯ ಮೇಲೆ ರೋಲರಿನ ಯಂತ್ರದ ಹೆಸರು ಬರೆದು ಸಹಿ ಹಾಕಿದೆ.

ಯಂತ್ರ ಹೊಳನಗದ್ದೆಗೆ ಹೋಗುವ ಮೊದಲು ಆಚಾರಿಯ ಕುಲುಮೆಯ ಮುಂದೆ ನಿಂತಿತು. ನಾನು ಅಧ್ಯಕ್ಷೆಯ ಗುದ್ದಲಿ ಒಯ್ದಿದ್ದೆ. ಯಾರದೆಂದು ಹೇಳುವ ಮುಂಚೆಯೇ ಆಚಾರಿ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, ಕೋಡಿಗದ್ದೆದು ಎಂದರು. ಟೇಪು ಕೊಟ್ಟೆ, ಬೇಡವೆಂದರು. ಯಂತ್ರವನ್ನು ಸಪಾಟು ಹಲಗೆಯ ಮೇಲೆ ಎತ್ತಿ ನಿಲ್ಲಿಸಿ, ರೋಲರಿನ ಅಡಿಯಿಂದ ಬ್ಲೇಡಿನ ತುದಿವರೆಗಿನ ಜಾಗಕ್ಕೆ ಗುದ್ದಲಿಯ ಅಲಗನ್ನೇ ಹಿಡಿದು ಸುಣ್ಣದ ಗೆರೆ ಎಳೆದರು. ಪಟ್ಟಿಗೆ ಪಟ್ಟಿ ಕೊಟ್ಟು ಬೆಸೆದು, ಎರಡು ಮಗ್ಗುಲಿಗೂ ಕೊರೆದು, ಬೋಲ್ಟ್ ಬಿಗಿದು ಮತ್ತೆ ಅಲಗು ಹಿಡಿದು ನೋಡಿದರು. ಆಮೇಲೆ ನಾನು ಟೇಪು ಹಿಡಿದೆ. ಮೂರಿಂಚು. ಟೇಪಿನ ಗೀರು ಗೆರೆಯ ನಡುವೆ ಕೂತಿತ್ತು.

ಕೋಡಿಗದ್ದೆಗೆ ಇಳಿದದ್ದು ಮರುದಿನ ಬೆಳಿಗ್ಗೆ. ಈ ಸಲ ಎಲ್ಲಿಂದ ಶುರು ಎಂದು ನಾನು ಕೇಳಿದೆ. ಅಧ್ಯಕ್ಷೆ ತಮ್ಮ ಗದ್ದೆಯ ಪಶ್ಚಿಮದ ತುದಿ ತೋರಿಸಿದರು. ಟ್ರ್ಯಾಕ್ಟರ್ ನಿಧಾನವಾಗಿ ಹೊರಟಿತು, ಅವರು ಅದರ ಮಗ್ಗುಲಲ್ಲಿ ಬರಿಗಾಲಲ್ಲಿ, ನಾನು ಹಿಂದೆ ಸಲಾಕೆ ಹಿಡಿದು. ಯಂತ್ರ ಹಾದುಹೋದಲ್ಲಿ ಅವರು ಬಗ್ಗಿ ಎಡಗೈ ಇಳಿಸುತ್ತಾರೆ. ಬೆರಳು ಉಳದ ನೆಲಕ್ಕೆ ಮುಟ್ಟುತ್ತದೆ, ಮುಂದೆ ನಡೆಯುತ್ತಾರೆ. ನಾನು ಸಲಾಕೆ ಇಳಿಸುವುದನ್ನು ಮರೆತು ಅವರ ಕೈಯನ್ನೇ ನೋಡುತ್ತಿದ್ದೆ.

"ಹಾಕು, ಹಾಕು. ನನ್ನ ಕೈ ತಪ್ಪು ಹೇಳೂಕೂ ಸಾಕು. ಕಬ್ಬಿಣ ಎಂತ ಹೇಳ್ತದೆ ಕಾಂಬ" ಎಂದರು.

ಹಾಕಿದೆ. ಹತ್ತು ಹೆಜ್ಜೆಗೊಂದು ಸಲ ಹಾಕಿದೆ. ಮೂರಿಂಚು ಹುಡಿ, ಅದರ ಕೆಳಗೆ ಮೂರಿಂಚು ಗಟ್ಟಿ ಮರಳು, ಆಮೇಲೆ ನೀಲಿ. ಹುಡಿಯಲ್ಲಿ ಒಂದು ನೀಲಿ ಎಳೆಯೂ ಇಲ್ಲ. ಮುಟ್ಟಳ್ಳಿಯಲ್ಲಿ ಯಂತ್ರದ ಬಲ ನೋಡಿ ಬಾಯಿ ಬಿಟ್ಟಿದ್ದೆ. ಇಲ್ಲಿ ಅದೇ ಬಲ, ಒಂದು ಅಂಗೈ ದಪ್ಪದ ಮರಳನ್ನು ಮಾತ್ರ ಎತ್ತಿ, ಕೆಳಗಿನದನ್ನು ಮುಟ್ಟದೆ, ಹಾಲಿನ ಮೇಲಿನ ಕೆನೆ ತೆಗೆದ ಹಾಗೆ ಹೋಗುತ್ತಿತ್ತು. ಚಾಲಕನೂ ಹಿಂದೆ ತಿರುಗಿ ನೋಡುತ್ತಾ, ನಾನು ಇಷ್ಟು ವರ್ಷ ಆಳ ಹೋಗೂದೇ ಕೆಲಸ ಅಂದ್ಕಂಡಿದ್ದೆ ಎಂದ.

ಹೊಳೆಯ ಕಡೆಯ ಬದು ಇನ್ನು ಹತ್ತು ಹೆಜ್ಜೆ ಇರುವಾಗ ಅಧ್ಯಕ್ಷೆ ಕೈ ಎತ್ತಿದರು. ಚಾಲಕ ನಿಲ್ಲಿಸಿದ. ನನಗೆ ಏನೂ ಬೇರೆ ಕಾಣಲಿಲ್ಲ. ಕಾಲಡಿ ತಣ್ಣಗಾಯ್ತು, ರೋಲರು ಕೂರ್ತಾ ಅದೆ ಎಂದರು ಅವರು. ಸಲಾಕೆ ಇಳಿಸಿದೆ. ಹುಡಿ ಮೂರರ ಬದಲು ಮೂರೂಮುಕ್ಕಾಲು ಇಂಚಾಗಿತ್ತು, ಒಂದು ಬೆರಳು. ತೇವದ ಮರಳಿನಲ್ಲಿ ರೋಲರ್ ಅಷ್ಟು ಹೂತಿತ್ತು. ಆದರೂ ಜೇಡಿ ಇನ್ನೂ ಕೆಳಗೇ ಇತ್ತು. ನನ್ನ ಅಭ್ಯಾಸ ಪೂರ್ತಿ ಹೋಗಿರಲಿಲ್ಲ. ಇನ್ನೂ ಮೂರು ಬೆರಳು ಉಳಿದಿದೆ ಅಮ್ಮ, ತಳಕ್ಕೆ ಮುಟ್ಟುವುದಿಲ್ಲ, ಮುಗಿಸಿಬಿಡೋಣ ಎಂದೆ.

"ಇವತ್ತು ಮೂರು. ನಾಳಿಂದ ದಿನಾ ಕೊಡ ಹೊತ್ಕಂಡು ಇಲ್ಲೇ ತುಳೀಬೇಕು, ನೀರು ಹೊಯ್ಬೇಕು. ಆಗ ಎಷ್ಟು ಉಳೀತದೆ, ಹೇಳು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಯಂತ್ರ ಎತ್ತಲು ಚಾಲಕನಿಗೆ ನಾನೇ ಸನ್ನೆ ಮಾಡಿದೆ.

ಉಳಿದ ಹತ್ತು ಹೆಜ್ಜೆ ಕೈಯಲ್ಲೇ ಆಗಬೇಕು. ಹೆಂಗಸರು ಆಗಲೇ ಪಶ್ಚಿಮದ ತುದಿಯಿಂದ ನೆಡಲು ಶುರು ಮಾಡಿದ್ದರು. ಬಾಗಿದ ಬೆನ್ನುಗಳ ಸಾಲು ಪಾತಿಯಿಂದ ಪಾತಿಗೆ ನಮ್ಮ ಕಡೆ ಬರುತ್ತಿತ್ತು. ಅಧ್ಯಕ್ಷೆ ತಮ್ಮ ಸೊಟ್ಟ ಮಣಿಕಟ್ಟು ನೋಡಿಕೊಂಡರು, ಆಮೇಲೆ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು ತಾವು ಸಸಿಯ ಕಟ್ಟು ಬಿಚ್ಚಿಕೊಂಡು ಬದುವಿಗೆ ಕೂತರು. ನಾನು ಮೊದಲ ಏಟನ್ನು ಹೆದರಿ ಹೆದರಿ ಹೊಡೆದೆ. ಎರಡನೆಯದನ್ನು ಸ್ವಲ್ಪ ಗಟ್ಟಿಯಾಗಿ. ಆಮೇಲೆ ತೋಳಿನಲ್ಲಿ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಹಿಡಿಯ ಬುಡ ನೆಲಕ್ಕೆ ತಾಗಿ ಅಲಗು ನಿಂತಿತು, ಪ್ರತಿ ಸಲವೂ ಅಲ್ಲಿಗೇ. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅರ್ಧ ಪಾತಿ ಆಗಿರಬೇಕು, ಬೆನ್ನು ನೇರ ಮಾಡಿ ಉಸಿರು ತೆಗೆದುಕೊಳ್ಳುತ್ತಿದ್ದೆ.

"ನಿಲ್ಬ್ಯಾಡ ತಂಗಿ" ಎಂದರು ಅವರು, "ಸಸಿ ನಿನ್ನ ಹಿಂದೇ ಬಂತು."